ಪುಣೆಗೆ ಹೊರಟ ಮಗಳಿಗೆ ದೊಡ್ಡಮ್ಮನ ವಾಯ್ಸ್ ಮೆಸೇಜ್

ಮಗಳೇ, ನಿನ್ನ ಮೆಸೇಜ್ ಈಗಷ್ಟೇ ಓದಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆ ಆಗುತ್ತದೆ, ಅದಕ್ಕೆ ಹೇಳಿಯೇ ಕಳಿಸುತ್ತೇನೆ. ಗ್ರೂಪಿನಲ್ಲಿ ಕೇಳಿದ್ದಲ್ವಾ, ಎಲ್ಲರೂ ಕೇಳಲಿ. ನಿನ್ನ ಗಂಡನಿಗೆ ಪುಣೆಗೆ ವರ್ಗ ಆಗಿದೆ, ಶಾಲೆ ಶುರುವಾಗುವ ಮೊದಲು ಹೋಗಬೇಕು. ಮಾಣಿಗೆ ಉಪನಯನ ಆಗಿ ವರ್ಷ ತುಂಬಿಲ್ಲ, ಕೂಸು ಇನ್ನೂ ಸಣ್ಣದು. ಫ್ಲ್ಯಾಟಿನಲ್ಲಿ ನಿತ್ಯಪೂಜೆ, ಮಡಿ, ಮಾಣಿಯ ಸಂಧ್ಯಾವಂದನೆ ಎಲ್ಲ ನಡೆದೀತಾ, ಮಕ್ಕಳ ಶಾಲೆಗೆ ಎಂತ ಮಾಡುವುದು ಅಂತ ಕೇಳಿದ್ದೀಯ. ರಾತ್ರಿ ನಿದ್ದೆ ಬರುವುದಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಮನಸ್ಸು ತಡೆಯಲಿಲ್ಲ.

ಪೂಜೆ ನಡೆಯುತ್ತದೆ. ಯಾಕೆ ನಡೆಯುವುದಿಲ್ಲ? ಒಂದು ಲೋಟ ನೀರು, ಎರಡು ತುಳಸಿ ಎಲೆ ಇದ್ದರೆ ಸಾಕು. ನಾನು ಹೇಳಬೇಕು ಅಂತ ಇರುವುದು ಬೇರೆಯೇ. ಉರಿಯುವ ದೀಪ ಬಿಟ್ಟು ಮನೆಗೆ ಬೀಗ ಹಾಕಿ ಹೋಗಬೇಡ. ಇದೊಂದು ಮಾತು ಗಟ್ಟಿ ಹಿಡಿದುಕೋ.

ನಾವು ಬೊಂಬಾಯಿ ಹತ್ತಿರದ ಡೊಂಬಿವಲಿಗೆ ಹೋದ ಕಾಲ ನಿಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತಿರಲಿಕ್ಕಿಲ್ಲ. ದೊಡ್ಡಪ್ಪನಿಗೆ ಬ್ಯಾಂಕಿನಲ್ಲಿ ವರ್ಗ ಆದದ್ದು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ನಾವು ಹೋದದ್ದು ಅದಕ್ಕಿಂತ ಎಷ್ಟೋ ಮೊದಲು. ಮಂಗಳೂರಿನಿಂದ ಬಸ್ಸು. ರಾತ್ರಿ ಕಳೆದು ಮರುದಿನವೂ ಬಸ್ಸಿನಲ್ಲೇ, ಮಡಿಲಲ್ಲಿ ದೇವರ ಪೆಟ್ಟಿಗೆ. ಅತ್ತೆ ಹೊರಡುವಾಗ ಹೇಳಿದ್ದು ಒಂದೇ ಮಾತು, "ಸಂಧ್ಯಾದೀಪವನ್ನು ಕೈಯಾರೆ ಆರಿಸಬಾರದು, ಅದಾಗಿಯೇ ಶಾಂತ ಆಗಬೇಕು." ಊರಿನ ಮನೆಯಲ್ಲಿ ಅದು ಸರಿಯೇ. ದೇವರ ಕೋಣೆ ಬೇರೆ, ಮಣ್ಣಿನ ಗೋಡೆ, ದೀಪ ಸರಪಣಿಯಲ್ಲಿ ತೂಗುತ್ತಿರುತ್ತದೆ, ಮನೆ ತುಂಬ ಜನ. ಡೊಂಬಿವಲಿಯಲ್ಲಿ ನಮಗಿದ್ದದ್ದು ಒಂದು ಕೋಣೆ, ಒಂದು ಅಡಿಗೆಮನೆ. ಅಡಿಗೆಮನೆಯ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಹಲಗೆ, ಅದೇ ದೇವರಿಗೆ. ಅಲ್ಲೇ ಬತ್ತಿಯ ಹತ್ತಿ, ಕರ್ಪೂರ, ಎಣ್ಣೆ ಬಾಟ್ಲಿ, ಪಂಚಾಂಗ. ಕೆಳಗೆ ಸೀಮೆಎಣ್ಣೆ ಸ್ಟೌ, ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿ. ಬೇರೆ ಎಲ್ಲಿ ಇಡುವುದು ಹೇಳು?

ಚೌತಿಯ ಸಮಯ. ಬೀದಿಯ ಕೊನೆಯಲ್ಲಿ ಗಣಪತಿ ಕೂರಿಸಿದ್ದರು. ದೊಡ್ಡಪ್ಪ ಸಂಧ್ಯಾವಂದನೆ ಮುಗಿಸಿ ದೀಪ ಹಚ್ಚಿದರು. ಮಕ್ಕಳನ್ನು ಕರೆದುಕೊಂಡು ಆರತಿ ನೋಡಲು ಹೋದೆವು. ಆರತಿ ಮುಗಿಯುವ ಮೊದಲೇ ಪಕ್ಕದ ಮನೆಯ ಹುಡುಗ ಓಡಿ ಬಂದ. ಅವನ ಮರಾಠಿ ನನಗೆ ಅರ್ಥ ಆಗಲಿಲ್ಲ, ಮುಖ ನೋಡಿಯೇ ಗೊತ್ತಾಯಿತು. ನಾವು ಬರುವಷ್ಟರಲ್ಲಿ ಅವನ ಅಮ್ಮ ಕಲ್ಲಿನಿಂದ ಬೀಗ ಒಡೆದಿದ್ದಳು. ನೀರಲ್ಲಿ ಅದ್ದಿದ ಗೋಣಿ ಹಿಡಿದು ಬಡಿಯುತ್ತಿದ್ದಳು. ಸೀಮೆಎಣ್ಣೆ ಡಬ್ಬಿಯನ್ನು ಮೊದಲು ಹೊರಗೆ ಎಸೆದಿದ್ದಳಂತೆ. ಆ ಬುದ್ಧಿ ಅವಳಿಗೆ ಬಾರದಿದ್ದರೆ ಆ ಮಾಳಿಗೆ ಇಡೀ ಹೋಗುತ್ತಿತ್ತು. ನಾನು ಒಳಗೆ ನುಗ್ಗಿ ದೇವರ ಪೆಟ್ಟಿಗೆ ಎಳೆದೆ. ಬಲಗೈಯ ಚರ್ಮ ಸುಲಿಯಿತು. ಆ ಗುರುತನ್ನು ನೀನು ಸಣ್ಣವಳಿರುವಾಗ ಮುಟ್ಟಿ ಮುಟ್ಟಿ ಕೇಳುತ್ತಿದ್ದೆ, ನೆನಪುಂಟಾ? ಸಾಲಿಗ್ರಾಮ ತಾಮ್ರದ ಸಂಪುಟದಲ್ಲಿತ್ತು, ಏನೂ ಆಗಲಿಲ್ಲ. ನನ್ನ ಮಡಿ ಸೀರೆ, ಪಂಚಾಂಗ, ಅಪ್ಪ ಬರೆದ ಕಾಗದಗಳ ಕಟ್ಟು ಎಲ್ಲ ಬೂದಿ.

ಹೇಗಾಯಿತು ಅಂತ ಮರುದಿನ ಗೊತ್ತಾಯಿತು. ಇಲಿ. ಎಣ್ಣೆಯಲ್ಲಿ ನೆನೆದ ಬತ್ತಿಯೆಂದರೆ ಇಲಿಗೆ ಆಸೆ. ಉರಿಯುವ ಬತ್ತಿಯನ್ನೇ ಕಚ್ಚಿ ಎಳೆದುಕೊಂಡು ಹೋಗಿದೆ. ಹಲಗೆಯ ಹಿಂದಿನ ಬಿಲದ ಬಾಯಲ್ಲಿ ಕರಟಿದ ಬತ್ತಿಯ ತುಂಡು ಸಿಕ್ಕಿತು. ಹತ್ತಿ, ಕರ್ಪೂರ ಅಲ್ಲೇ ಇತ್ತಲ್ಲ.

ನಿನ್ನದು ಹೊಸ ಫ್ಲ್ಯಾಟು, ಇಲಿ ಇಲ್ಲದಿರಬಹುದು. ಇಲಿ ಇಲ್ಲದಿದ್ದರೆ ಪರದೆ ಇರುತ್ತದೆ, ಗಾಳಿ ಇರುತ್ತದೆ, ಗ್ಯಾಸ್ ಇರುತ್ತದೆ. ಈಗಿನ ಅಡಿಗೆಮನೆಯ ಕಪಾಟುಗಳೆಲ್ಲ ಪ್ಲೈವುಡ್ಡೇ ಅಲ್ವಾ. ಕಪಾಟಿನ ಒಳಗೆ ದೇವರನ್ನು ಕೂರಿಸಿ ದೀಪ ಇಡುವವರನ್ನು ನಾನು ನೋಡಿದ್ದೇನೆ. ದೀಪದ ಮೇಲೆ ಹಲಗೆ ಬರಬಾರದು. ಹಿತ್ತಾಳೆಯ ಭಾರದ ದೀಪ ತೆಗೆದುಕೊಂಡು ಹೋಗು, ಅದರ ಕೆಳಗೆ ಅಗಲದ ಸ್ಟೀಲ್ ತಟ್ಟೆ ಇಟ್ಟು ಸ್ವಲ್ಪ ನೀರು ಹಾಕು. ಬತ್ತಿ, ಕರ್ಪೂರ ಬೇರೆ ಡಬ್ಬದಲ್ಲಿ, ಬೇರೆ ಕಡೆ. ಮಾಣಿಯ ಜಪ ಮುಗಿಯುವಷ್ಟು ಹೊತ್ತಿಗೆ ಸಾಕಾಗುವ ತುಪ್ಪ ಹಾಕಿದರೆ ಸಾಕು. ಹೊರಗೆ ಹೋಗಲಿಕ್ಕಿದ್ದರೆ ಒಂದು ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಜಾರಿಸಿ ಶಾಂತ ಮಾಡು, ದೋಷ ಇಲ್ಲ. ಮಲಗುವಾಗಲೂ ಅಷ್ಟೇ. ಮತ್ತೊಮ್ಮೆ ಹೇಳುತ್ತೇನೆ, ಉರಿಯುವ ದೀಪ ಬಿಟ್ಟು ಮನೆಗೆ ಬೀಗ ಹಾಕಬೇಡ. ಕೆಳಗೆ ತರಕಾರಿ ತರಲಿಕ್ಕೆ ಐದು ನಿಮಿಷ ಅಂತ ಹೋಗುವುದಾದರೂ ಬೇಡ.

ಆಮೇಲೆ ಆದದ್ದನ್ನೂ ಹೇಳಿಬಿಡುತ್ತೇನೆ, ಇಷ್ಟು ವರ್ಷ ಹೇಳಿರಲಿಲ್ಲ. ಸುದ್ದಿ ಊರಿಗೆ ಹೋಯಿತು. ಊರಿಂದ ಒಂದರ ಮೇಲೊಂದು ಕಾಗದ ಬಂತು. "ಕೈ ಹೇಗಿದೆ" ಅಂತ ಕೇಳಿದ್ದು ನನ್ನ ಅಮ್ಮ ಒಬ್ಬಳೇ. ಉಳಿದವರೆಲ್ಲ ಕೇಳಿದ್ದು ಯಾವ ವ್ರತ ತಪ್ಪಿತು, ಮಡಿಯಲ್ಲಿ ಎಂತ ಕಡಿಮೆ ಆಯಿತು, ಮುಟ್ಟಾದಾಗ ದೂರ ಕೂರುತ್ತಿದ್ದಳಾ ಅಂತ. ಒಂದೇ ಅಡಿಗೆಮನೆ, ಎರಡು ಮಕ್ಕಳು, ದೂರ ಎಲ್ಲಿ ಕೂರುವುದು? ರಜೆಗೆ ಊರಿಗೆ ಬಂದಾಗ ಅನಂತನ ವ್ರತದ ಊಟದ ಹಂತಿಯಲ್ಲಿ ಹಿರಿಯರೊಬ್ಬರು "ಬೊಂಬಾಯಿಗೆ ಹೋದವರು ದೇವರನ್ನು ಬಿಟ್ಟರು, ದೇವರೂ ಬಿಟ್ಟ" ಅಂದರು. ನಾನು ಬಡಿಸುತ್ತಾ ಇದ್ದೆ. ಸುಟ್ಟ ಕೈಯಲ್ಲೇ ಬಡಿಸುತ್ತಾ ಇದ್ದೆ. ಅವರ ಎಲೆಗೂ ಬಡಿಸಿದೆ. ಆ ಮಾತು ಇವತ್ತಿಗೂ ನನ್ನ ಎದೆಯಿಂದ ಹೋಗಿಲ್ಲ. ಡೊಂಬಿವಲಿಯಲ್ಲಿ ಇದ್ದಷ್ಟು ವರ್ಷವೂ ಒಂದು ದಿನ ದೇವರ ಮುಂದೆ ನೀರು ಇಡದೆ ಮಕ್ಕಳಿಗೆ ತೆಳ್ಳವು ದೋಸೆ ಎರೆದವಳಲ್ಲ ನಾನು. ದೊಡ್ಡಪ್ಪ ಲೋಕಲ್ ರೈಲಿಗೆ ಬೆಳಗ್ಗೆ ಬೇಗ ಓಡಬೇಕಿತ್ತು, ಆದರೂ ಅರ್ಘ್ಯ ಬಿಟ್ಟೇ ಹೋಗುತ್ತಿದ್ದರು.

ಈಗ ನಿನ್ನ ಮೆಸೇಜಿನ ಕೆಳಗೆ ಅದೇ ಧಾಟಿಯ ಮಾತು ಕಾಣುತ್ತಿದೆ. "ಪೂಜೆ ನಿಲ್ಲುತ್ತದೆ, ಗಂಡ ಒಬ್ಬನೇ ಹೋಗಲಿ, ನೀನು ಮಕ್ಕಳ ಜೊತೆ ಊರಲ್ಲಿ ಇರು" ಅಂತ. ಯಾರು ಬರೆದದ್ದು ಅಂತ ನಾನು ಹೇಳುವುದಿಲ್ಲ, ಬರೆದವರಿಗೆ ಗೊತ್ತು. ಸಣ್ಣ ಮಕ್ಕಳಿರುವ ಹೆಂಗಸನ್ನು ಹೀಗೆ ಹೆದರಿಸಬೇಡಿ. ಗಂಡ ಹೆಂಡತಿ ಒಟ್ಟಿಗೆ ಇರಲಿ, ಮಕ್ಕಳು ಅಪ್ಪನ ಪಕ್ಕದಲ್ಲಿ ಕೂತು ಸಂಧ್ಯಾವಂದನೆ ಕಲಿಯಲಿ. ಐದು ದೇವರ ಪಂಚಾಯತನ ಪೂಜೆ ಮೂಲಮನೆಯಲ್ಲಿ ಮಾವ ನಡೆಸುತ್ತಾರೆ, ಅದನ್ನು ಹೊತ್ತುಕೊಂಡು ಹೋಗುವ ಅಗತ್ಯ ಇಲ್ಲ. ನೀನು ಒಂದು ಸಣ್ಣ ಗಣಪತಿ ಮತ್ತು ಮಧೂರು ದೇವಸ್ಥಾನದ ಪಟ ತೆಗೆದುಕೊಂಡು ಹೋಗು. ನಮ್ಮ ಕಡೆಯ ಪಂಚಾಂಗ ಒಂದು ಇರಲಿ. ಅಲ್ಲಿ ಎಲ್ಲರೂ ಹೊಸ ವರ್ಷ ಅಂತ ಗುಡಿ ಪಾಡ್ವ ಮಾಡುವಾಗ ನಮ್ಮ ಹೊಸ ವರ್ಷದ ವಿಷು ಎಪ್ರಿಲಿನಲ್ಲಿ ಬೇರೆ ದಿನ ಬರುತ್ತದೆ, ಬೆಳಗ್ಗೆ ಎದ್ದು ಮೊದಲು ನೋಡುವ ಕಣಿ ಇಡಲಿಕ್ಕೆ ಮರೆತು ಹೋಗುತ್ತದೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ನಾನು ಕೊಡುತ್ತೇನೆ, ಅದಕ್ಕೆ ತಲೆಬಿಸಿ ಬೇಡ.

ಅಯ್ಯೋ, ಶಾಲೆಯದ್ದು ಹೇಳಲಿಕ್ಕೇ ಬಿಟ್ಟುಹೋಯಿತು. ನೀನು ಮುಖ್ಯವಾಗಿ ಕೇಳಿದ್ದೇ ಅದು ಅಲ್ವಾ. ಮಗಳೇ, ಟಿ.ಸಿ. ತೆಗೆದುಕೊಂಡು ಸುಮ್ನೆ ಹೊರಡಬೇಡ. ಬೇರೆ ರಾಜ್ಯದ ಶಾಲೆಗೆ ಸೇರಿಸುವಾಗ ಇಲ್ಲಿಯ ಶಿಕ್ಷಣಾಧಿಕಾರಿಯ ಮೇಲುಸಹಿ ಮತ್ತು ಮೊಹರು ಇದೆಯಾ ಅಂತ ನೋಡುತ್ತಾರೆ. ನಮ್ಮ ಕೇರಳದಲ್ಲಿ ಪ್ರೈಮರಿ ಮಕ್ಕಳಿಗೆ ಎ.ಇ.ಓ., ಅಂದರೆ ಸಹಾಯಕ ಶಿಕ್ಷಣಾಧಿಕಾರಿಯ ಆಫೀಸು, ನಿಮಗೆ ಕುಂಬಳೆಯದ್ದು. ಟಿ.ಸಿ. ಇಂಗ್ಲಿಷಿನಲ್ಲಿ ಬೇಕು ಅಂತ ಮೊದಲೇ ಹೇಳು, ಮಲಯಾಳದಲ್ಲಿ ಕೊಟ್ಟರೆ ಅಲ್ಲಿ ಓದುವವರು ಯಾರು? ಜನನ ಪ್ರಮಾಣಪತ್ರದಲ್ಲಿ, ಆಧಾರಿನಲ್ಲಿ, ಟಿ.ಸಿ.ಯಲ್ಲಿ ಮಕ್ಕಳ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡು. ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇದ್ದರೆ ಈಗಲೇ ಸರಿ ಮಾಡಿಸು. ಅಲ್ಲಿ ಹೋದ ಮೇಲೆ ಇದಕ್ಕೆಲ್ಲ ಬದಿಯಡ್ಕಕ್ಕೆ ಓಡಿ ಬರಲಿಕ್ಕೆ ಆಗುವುದಿಲ್ಲ. ಮರಾಠಿಗೆ ಹೆದರಬೇಡ. 2020ರ ಕಾನೂನಿನ ಮೇಲೆ ಅಲ್ಲಿ ಎಲ್ಲ ಬೋರ್ಡಿನ ಶಾಲೆಯಲ್ಲೂ ಮರಾಠಿ ಕಲಿಸುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ತೋಟದಲ್ಲಿ ತುಳು ಮಾತಾಡುವ ಮಕ್ಕಳಿಗೆ ಇನ್ನೊಂದು ಭಾಷೆ ಕಷ್ಟ ಆಗುವುದಿಲ್ಲ. ಆದರೆ ಕನ್ನಡ ಓದು ಬರಹ ನೀನೇ ಮನೆಯಲ್ಲಿ ಮಾಡಿಸಬೇಕು, ಅಲ್ಲಿ ಶಾಲೆಯವರು ಮಾಡಿಸುವುದಿಲ್ಲ.

ಗ್ಯಾಸಿನ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ವೋಚರ್ ತೆಗೆದುಕೋ, ಅದನ್ನು ತೋರಿಸಿದರೆ ಪುಣೆಯಲ್ಲಿ ಕನೆಕ್ಷನ್ ಸುಲಭ. ಕಾರು ಒಯ್ಯುತ್ತೀರಾದರೆ ನಮ್ಮ ಕಾಸರಗೋಡಿನ ಕೆಎಲ್ 14 ನಂಬರಿನಲ್ಲಿ 12 ತಿಂಗಳಿಗಿಂತ ಜಾಸ್ತಿ ಅಲ್ಲಿ ಓಡಿಸುವ ಹಾಗಿಲ್ಲ, ಆರ್.ಟಿ.ಓ.ದಿಂದ ಎನ್.ಓ.ಸಿ. ಬೇಕು. ಅದನ್ನು ಗಂಡನಿಗೆ ಹೇಳು, ನೀನು ಓಡಾಡಬೇಡ.

ನಾಳೆ ಬೆಳಗ್ಗೆಯೇ ಹೆಡ್ ಮಾಷ್ಟ್ರಿಗೆ ಫೋನ್ ಮಾಡು. ರಜೆ ಶುರುವಾದರೆ ಅವರು ಊರಲ್ಲಿ ಸಿಗುವುದಿಲ್ಲ. ಎ.ಇ.ಓ. ಆಫೀಸಿಗೆ ಹೋಗುವ ದಿನ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋಗು, ಮಧ್ಯಾಹ್ನದ ಊಟ ಇಲ್ಲೇ.