ಕೂಡಿದ ಮ್ಯಾಲ ರಕ್ತ: ಓಪಿಡಿ ಕೇಸಿಗೆ ಎನ್93.0 ಸಾಕೋ?

ಪ್ರಶ್ನೆ | ಕೋಡಿಂಗ್ ವಿಭಾಗ, ಗದಗ

ಕೇಸ್ ಪೇಪರ್‌ನ್ಯಾಗ ಇಷ್ಟು ಬರದದ: 38 ವರ್ಷ, 2 ತಿಂಗಳಿಂದ ಸಂಭೋಗದ ನಂತರ ರಕ್ತ. ಗರ್ಭಕೋಶದ ಬಾಯಿ ಕೆಂಪು, ಹತ್ತಿ ತಾಗಿಸಿದ್ರ ರಕ್ತ. ಪಾಲಿಪ್ (ಸಣ್ಣ ಮಾಂಸದ ಕುಡಿ)? ಕ್ಯಾನ್ಸರ್? ಪ್ಯಾಪ್ (ಗರ್ಭಕೋಶದ ಬಾಯಿಂದ ಕೋಶ ತಗದು ನೋಡೂ ಪರೀಕ್ಷೆ) ಕಳಿಸಿದೆ. ಐಸಿಡಿ-10 (ರೋಗಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ) ಪ್ರಕಾರ ಪಾಲಿಪ್‌ನ ಎನ್84.1 ಹಾಕೂದೋ, ಕೂಡಿದ ಮ್ಯಾಲಿನ ರಕ್ತದ ಎನ್93.0 ಹಾಕೂದೋ? ಪ್ಯಾಪ್ ಮಾಡ್ಯಾರಂತ ಕ್ಯಾನ್ಸರ್ ತಪಾಸಣೆಯ ಝಡ್12.4 ಸೇರಿಸಬೇಕೇನ್ರಿ?

ಉತ್ತರ | ಕೋಡರ್, ಹುಬ್ಬಳ್ಳಿ

ಎನ್93.0 ಒಂದ ಹಾಕ್ರಿ. ಪ್ರಶ್ನಾರ್ಥಕ ಚಿಹ್ನೆ ಇರೂ ರೋಗಾನ ಓಪಿಡಿಯೊಳಗ ಖಚಿತ ಅಂತ ಬರಿಯಂಗಿಲ್ಲ. ಝಡ್12.4 ಇರೂದು ಏನೂ ತ್ರಾಸಿಲ್ಲದ ಹೆಣ್ಮಗಳ ತಪಾಸಣೆಗೆ. ಇಲ್ಲಿ ರಕ್ತ ಅದ, ಅದರ ಕಾರಣ ಹುಡುಕಾಕ ಪ್ಯಾಪ್ ಮಾಡ್ಯಾರ, ಹಂಗಾಗಿ ಲಕ್ಷಣದ ಕೋಡ ಸರಿ. ಗರ್ಭಕೋಶದ ಬಾಯಿ ಕ್ಯಾನ್ಸರಿನ ಸಿ53.9 ಅಂತೂ ತುಣುಕು ಪರೀಕ್ಷೆ (ಬಯಾಪ್ಸಿ) ವರದಿ ಬರೂತನಕ ಮುಟ್ಟಬ್ಯಾಡ್ರಿ.

ಕಾರಣ ಖಚಿತ ಆದ ಮ್ಯಾಲ ಎನ್93.0 ತಗದು ಅದನ್ನ ಹಾಕ್ರಿ: ಪಾಲಿಪ್‌ಗೆ ಎನ್84.1, ಗರ್ಭಕೋಶದ ಬಾಯಿ ಉರಿಯೂತಕ್ಕ ಎನ್72, ಎಕ್ಟ್ರೋಪಿಯಾನ್‌ಗೆ (ಬಾಯಿಯ ಒಳಪದರ ಹೊರಗ ಬಂದಿರೂದು) ಎನ್86. ಮುಟ್ಟು ನಿಂತವರಿಗೆ ಎನ್95.0, ಯೋನಿಯ ಒಳಚರ್ಮ ಒಣಗಿ ತೆಳುವಾದದ್ದ ಕಾರಣ ಅಂತ ಬರದಿದ್ರ ಎನ್95.2. ಬಸುರಿ ಇದ್ರ ಎನ್ ಅಧ್ಯಾಯ ಬಿಟ್ಟು ಬಸುರಿ-ಹೆರಿಗಿ ಕೋಡ್ ಇರೂ ಒ ಅಧ್ಯಾಯಕ್ಕ ಹೋಗ್ರಿ.

ಉತ್ತರ | ಸ್ತ್ರೀರೋಗ ವೈದ್ಯೆ, ಧಾರವಾಡ

ಕೋಡ್ ಸರಿ ಅದ. ಆದ್ರ ಪ್ಯಾಪ್ ನಾರ್ಮಲ್ ಬಂತಂತ ಈ ಕೇಸು ಮುಚ್ಚಬಾರ್ದು. ಕ್ಯಾನ್ಸರ್ ಗಡ್ಡಿ ಮ್ಯಾಲ ಕೊಳೆತ ಪದರ, ರಕ್ತ, ಕೀವು ಕೂತಿರ್ತದ. ಬ್ರಶ್‌ಗೆ ಅದ ಹತ್ತಿ ಬರ್ತದ, ಕ್ಯಾನ್ಸರ್ ಕೋಶ ಸಿಗೂದಿಲ್ಲ. ಕಣ್ಣಿಗೆ ಗಡ್ಡಿ ಕಂಡ್ರ ಪ್ಯಾಪ್ ವರದಿ ಕಾಯದ ಅಲ್ಲಿಂದ ತುಣುಕು ತಗೀರಿ. ಗಡ್ಡಿ ಕಾಣದ ರಕ್ತ ನಿಲ್ಲದಿದ್ರ ಕಾಲ್ಪೋಸ್ಕೋಪಿ (ದೊಡ್ಡದಾಗಿ ತೋರಿಸೂ ಯಂತ್ರದಿಂದ ಗರ್ಭಕೋಶದ ಬಾಯಿ ನೋಡೂದು).

ಎಕ್ಟ್ರೋಪಿಯಾನ್ ಅಂದ್ರ ಒಳಗಿನ ಒಂದ ಪದರದ ನಾಜೂಕು ಚರ್ಮ ಹೊರಗ ಬಂದಿರೂದು. ಬಸುರಿಯೊಳಗ, ಗರ್ಭನಿರೋಧಕ ಗುಳಿಗಿ ತಗೊಳ್ಳೋರೊಳಗ ಸಾಮಾನ್ಯ. ತ್ರಾಸಿಲ್ಲಂದ್ರ ಸುಡೂದು ಬ್ಯಾಡ. ಪಾಲಿಪ್ ಬುಡ ಹಿಡದು ತಿರುವಿ ತಗದು, ಫಾರ್ಮಲಿನ್‌ದಾಗ ಹಾಕಿ ಲ್ಯಾಬಿಗೆ ಕಳಸ್ರಿ. ಸಣ್ಣದದ ಅಂತ ಒಗಿಬ್ಯಾಡ್ರಿ. ಕ್ಲಮೀಡಿಯಾ (ಕೂಡೂದರಿಂದ ಹರಡೂ ಸೋಂಕು) ಇದ್ರ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕ ಎರಡು ಸಲ, 7 ದಿನ. ಬಸುರಿಗೆ ಅದು ಬ್ಯಾಡ, ಅಜಿಥ್ರೋಮೈಸಿನ್ 1 ಗ್ರಾಂ ಒಂದ ಸಲ. ಗಂಡಗೂ ಚಿಕಿತ್ಸೆ ಆಗ್ಲೇಬೇಕು, ಇಲ್ಲಂದ್ರ ಸೋಂಕು ಮತ್ತ ತಿರುಗಿ ಬರ್ತದ.

ಉತ್ತರ | ಸ್ಟಾಫ್ ನರ್ಸ್, ಹಾವೇರಿ

ನಮ್ಮ ಕಡೆ ಆಗೂ ತಪ್ಪು ವಿಐಎದಾಗ (ಆಮ್ಲ ಹಚ್ಚಿ ಗರ್ಭಕೋಶದ ಬಾಯಿ ಕಣ್ಣಿಲೆ ನೋಡೂ ಕ್ಯಾನ್ಸರ್ ತಪಾಸಣೆ). 3ರಿಂದ 5 ಪರ್ಸೆಂಟ್ ಅಸಿಟಿಕ್ ಆಮ್ಲ ಹಚ್ಚಿ ಪೂರ್ತಿ 1 ನಿಮಿಷ ಕಾಯಬೇಕು. ಅವಸರಕ್ಕ ಮೊದ್ಲ ನೋಡಿದ್ರ ಬಿಳಿ ಕಲೆ ಇನ್ನೂ ಮೂಡಿರೂದಿಲ್ಲ. ಸರ್ಕಾರಿ ತಪಾಸಣೆ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ. ಆದ್ರ ರಕ್ತ ಕಾಣೂಳನ್ನ "ವಿಐಎ ನೆಗೆಟಿವ್" ಅಂತ ಮನಿಗೆ ಕಳಸಬ್ಯಾಡ್ರಿ, ತಜ್ಞರ ಕಡೆ ಕಳಸ್ರಿ. "ಬಿಳಿ ಸೆರಗು, ಕೆಂಪು ಹತ್ತತದ" ಅಂದ್ರ ಯಾವಾಗ ಅಂತ ಮೆಲ್ಲಕ ಕೇಳ್ರಿ. ತಾವಾಗಿ ಕೂಡಿದ ಮ್ಯಾಲ ಅಂತ ಹೇಳೋರು ಕಡಿಮಿ.

ಪ್ರಶ್ನೆ | ಕೋಡಿಂಗ್ ವಿಭಾಗ, ಗದಗ

ಪಾಲಿಪ್ ಅದ ದಿನ ತಗದು ಲ್ಯಾಬಿಗೆ ಕಳಿಸಿದ್ರ?

ಉತ್ತರ | ಕೋಡರ್, ಹುಬ್ಬಳ್ಳಿ

ಡಾಕ್ಟರು ಪ್ರಶ್ನಾರ್ಥಕ ಹಾಕದ "ಪಾಲಿಪ್" ಅಂತ ಬರದಿದ್ರ ಎನ್84.1 ಹಾಕ್ರಿ. ಬರಿಲಿಲ್ಲಂದ್ರ ಊಹಿಸಬ್ಯಾಡ್ರಿ, ಪೇಪರ್ ತಿರುಗಿ ಅವರ ಕಡೆನ ಕಳಸ್ರಿ.