ಪೊಲೀಸರ ಮುಂದೆ ಬಾಯಿಬಿಟ್ಟವನಿಗೆ ನಮ್ಮಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ.

ಮಾರ್ಟಿನ್ ಸ್ಕೊರ್ಸೇಸಿಯ 1990ರ ‘ಗುಡ್‌ಫೆಲ್ಲಾಸ್’ ಸಿನಿಮಾವನ್ನು ದೊಡ್ಡಪ್ಪನ ಜೊತೆ ನೋಡಿದೆ. ಅವರಿಗೆ ಇಂಗ್ಲಿಷ್ ಅಷ್ಟು ಹಿಡಿಯುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಕೂತು ನಾನೇ ಕನ್ನಡ ಮಾಡಿ ಹೇಳುತ್ತಿದ್ದೆ. ‘ಗುಡ್‌ಫೆಲ್ಲಾ’ ಅಂದರೆ ಅಲ್ಲಿ ಒಳ್ಳೆಯವನು ಅಂತಲ್ಲ, ಮಾಫಿಯಾ ಗುಂಪಿಗೆ ಸೇರಿದವನು ಅಂತ. ‘ನಮ್ಮ ಹುಡುಗ’ ಅಂದೆ, ಸರಿಯಾಗಿ ಕೂತಿತು. ಸಿಕ್ಕಿಹಾಕಿಕೊಂಡದ್ದು ‘ರ‍್ಯಾಟ್’ ಹತ್ತಿರ.

ಸಿನಿಮಾದ ನಾಯಕ ಹೆನ್ರಿ ಹಿಲ್ ಹುಡುಗನಾಗಿದ್ದಾಗ ಮೊದಲ ಸಲ ಪೊಲೀಸರ ಕೈಗೆ ಸಿಗುತ್ತಾನೆ, ಯಾರ ಹೆಸರನ್ನೂ ಹೇಳುವುದಿಲ್ಲ, ಕೋರ್ಟ್ ಹಾಲಿನ ಹೊರಗೆ ಗುಂಪಿನ ದೊಡ್ಡವರೆಲ್ಲ ಅವನನ್ನು ತಬ್ಬಿಕೊಳ್ಳುತ್ತಾರೆ. ಕೊನೆಗೆ ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ದ ಅದೇ ಹೆನ್ರಿ ಸಾಕ್ಷಿ ಕಟ್ಟೆಯಿಂದ ಅವರತ್ತಲೇ ಬೆರಳು ತೋರಿಸುತ್ತಾನೆ. ಅವನು ಆಗ ‘ರ‍್ಯಾಟ್’. ಕನ್ನಡದಲ್ಲಿ ಏನು?

ಇಲಿ ಅಂದರೆ ನಮಗೆ ಭತ್ತ ತಿನ್ನುವ ಪ್ರಾಣಿ, ಅಷ್ಟೇ. ‘ಚಾಡಿಕೋರ’ ಅಂದರೆ ಸ್ಕೂಲಲ್ಲಿ ಮೇಷ್ಟ್ರ ಹತ್ತಿರ ಹೇಳಿಕೊಡುವವನ ನೆನಪು ಬರುತ್ತದೆ. ‘ಮಾಹಿತಿದಾರ’ ಪೊಲೀಸರ ಮಾತು, ಅದರಲ್ಲಿ ಸಿಟ್ಟೇ ಇಲ್ಲ. ‘ಮಾಫಿ ಸಾಕ್ಷಿ’ ಕೋರ್ಟಿನ ಕಾಗದದ್ದು. ‘ಬೆನ್ನಿಗೆ ಚೂರಿ ಹಾಕಿದ’ ಹತ್ತಿರ ಬರುತ್ತದೆ, ಆದರೆ ಜಮೀನಿನ ವ್ಯಾಜ್ಯದಲ್ಲಿ ಮೋಸ ಮಾಡಿದ ತಮ್ಮನಿಗೂ ಅದನ್ನೇ ಅಂತೀವಲ್ವಾ? ಬಾಯಿಬಿಟ್ಟ ಅನ್ನುವ ಅರ್ಥ ಅದರಲ್ಲಿ ಸಿಗುವುದಿಲ್ಲ.

ದೊಡ್ಡಪ್ಪ ಮಾತ್ರ ತಡ ಮಾಡಲಿಲ್ಲ. “ಉಂಡ ಮನೆಗೆ ಎರಡು ಬಗೆದ ಅನ್ನು. ನಿಯತ್ತಿಲ್ಲದವನು” ಅಂದರು.

ಈ ‘ನಿಯತ್ತು’ ನೋಡಿ. ಅರಬ್ಬಿಯಿಂದ ಬಂದ ಪದ. ಅಲ್ಲಿ ಅದು ಮನಸ್ಸಿನ ಉದ್ದೇಶ, ಹಿಂದಿಯಲ್ಲೂ ಹಾಗೇ, ಒಳ್ಳೆಯದೂ ಇರಬಹುದು ಕೆಟ್ಟದ್ದೂ ಇರಬಹುದು. ನಮ್ಮ ಬಾಯಿಗೆ ಬಂದ ಮೇಲೆ ಅದು ಒಳ್ಳೆಯ ಕಡೆಗೇ ವಾಲಿಬಿಟ್ಟಿದೆ. ನಾಯಿಗೆ ನಿಯತ್ತು ಜಾಸ್ತಿ ಅಂತೀವಿ, ಅನ್ನ ಹಾಕಿದ ಕೈಯನ್ನು ಮರೆಯದ ಗುಣ ಅಂತ.

ಹಳಗನ್ನಡದಲ್ಲಿ ಇದಕ್ಕೆ ಎಷ್ಟು ಪದ! ಕೊಟ್ಟ ಜೋಳದ ಋಣಕ್ಕೆ ‘ಜೋಳವಾಳಿ’, ಒಡೆಯನ ಜೊತೆಗೇ ಸಾಯುವ ಮಾತಿಗೆ ‘ವೇಳೆವಾಳಿ’. ಸುಮ್ನೆ ನಿಘಂಟಿನ ಪದಗಳಲ್ಲ ಇವು. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಕುವರ ಲಕ್ಷ್ಮನ ಕಂಬ ಇದೆ. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಹೆಂಡತಿ, ಜೊತೆಗಾರರ ಸಮೇತ ಪ್ರಾಣ ಕೊಟ್ಟವನು ಅವನು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕೆತ್ತಿದ್ದಾರೆ, ನೋಡಿದರೆ ಮೈ ಜುಂ ಅನ್ನುತ್ತದೆ.

ನಿಯತ್ತಿಗೆ ಇಷ್ಟು ಪದ ಇಟ್ಟುಕೊಂಡ ನುಡಿಯಲ್ಲಿ, ಜೊತೆಗಾರರ ಹೆಸರು ಹೇಳಿಕೊಟ್ಟವನಿಗೆ ಒಂದು ಪದ ಇರಲೇಬೇಕು ಅಂತ ನನಗೆ ಅನಿಸುತ್ತದೆ. ‘ದ್ರೋಹಿ’ ಬೇಡ, ಅದು ದೇಶಕ್ಕೂ ಹೋಗುತ್ತದೆ ಸ್ನೇಹಕ್ಕೂ ಹೋಗುತ್ತದೆ. ಒಂದೇ ಪದ, ಬೈಗುಳದ ಹಾಗೆ ಥಟ್ಟನೆ ಬಾಯಿಗೆ ಬರಬೇಕು. ಅರಸೀಕೆರೆ, ಸಕಲೇಶಪುರ, ಕಡೂರು ಕಡೆಯವರು ಏನಂತೀರಾ? ಮನೆಯಲ್ಲಿ ಹಿರಿಯರು ಇದ್ದರೆ ದಯವಿಟ್ಟು ಅವರನ್ನೂ ಒಂದು ಮಾತು ಕೇಳಿ.