ಹಳೇ ರೇಸಿಂಗ್ ಫ್ರೇಮಿಗೆ ಯಾವ ಸೈಜಿನ ಸೀಟ್ ಪಿಲ್ಲರ್ ತರಬೇಕ್ರಿ?

ಪ್ರಶ್ನೆ, ಬಾಗಲಕೋಟೆಯಿಂದ:
ಮೇಸ್ತ್ರಿ ಅಣ್ಣಾರಿಗೆ ನಮಸ್ಕಾರ್ರಿ. ನಮ್ಮ ಕಾಕಾ ಹುಡುಗರಿದ್ದಾಗ ರೇಸಿಗೆ ಹೋಗ್ತಿದ್ದ ಸೈಕಲ್ಲಿನ ಫ್ರೇಮ್ ಮಾಳಗಿ ಮ್ಯಾಲ ಬಿದ್ದಿತ್ತು, ಸ್ಟೀಲಿಂದು, ಜಾಯಿಂಟಿಗೆ ಲಗ್ (ಪೈಪು ಕೂಡಿಸೋ ಲೋಹದ ತೋಳು) ಇರೋದು, ಅದನ್ನ ಮತ್ತ ರೋಡಿಗೆ ಇಳಸಬೇಕಂತ ಮಾಡೀನಿ. ಹಳೇ ಪಿಲ್ಲರ್, ಅಂದ್ರ ಸೀಟು ಹಿಡಿಯೋ ಕಂಬಿ, ಕಳದೈತಿ. ಇಲ್ಲಿ ಅಂಗಡ್ಯಾಗ 25.4 ಮಿಲಿಮೀಟರಿಂದು ಕೊಟ್ರು, ತಗಡು ಸುತ್ತಿ ಬೋಲ್ಟ್ ಬಿಗಿ ಮಾಡಿ ಕುಂತ್ರ ನವನಗರ ಮುಟ್ಟೂದ್ರಾಗ ಸೀಟು ನಾಕ್ ಬೆರಳು ಇಳೀತೈತಿ. ವರ್ನಿಯರ್ (ಸಣ್ಣ ಅಳತಿ ತಗಿಯೋ ಸ್ಕೇಲು) ಹಿಡದು ಪಿಲ್ಲರ್ ಇಳಿಯೋ ಪೈಪಿನ ಬಾಯಿ ಅಳದೆ, ಎಡಬಲ 26.3 ಬಂತು, ಹಿಂದಮುಂದ 27ರ ಹತ್ರ. ಯಾವುದು ಖರೆ?

ಉತ್ತರ, ಬೆಳಗಾವಿ ಮೇಸ್ತ್ರಿ:
ತಮ್ಮಾ, ಎರಡೂ ನಂಬಬ್ಯಾಡ. ಒಂದ ಪೈಪು ಎರಡು ಕಡೆ ಎರಡು ಅಳತಿ ತೋರಿಸ್ತೈತಿ ಅಂದ್ರ ಬಾಯಿ ಚಪ್ಪಟಿ ಆಗೈತಿ ಅಂತ ಅರ್ಥ. ಹಿಂದ ಸೀಳು ಐತಲ್ಲ, ಯಾರೋ ಸಣ್ಣ ಪಿಲ್ಲರ್ ಹಾಕಿ ಬೋಲ್ಟ್ ಜಗ್ಗಿ ಜಗ್ಗಿ ಬೋಲ್ಟ್ ಹಿಡಿಯೋ ಎರಡೂ ಕಿವಿ ಒಳಗ ಎಳದಾರ, ಅದಕ್ಕ ಎಡಬಲ ಕಡಿಮಿ ಬಂದೈತಿ. ಮೊದ್ಲ ಆ ತಗಡು ತಗದು ಒಗಿ, ಹಂಗ ಬಿಗಿ ಮಾಡ್ಕೋತ ಹೋದ್ರ ಲಗ್ಗಿನ ಕಿವಿ ಸೀಳ್ತೈತಿ, ಆಮ್ಯಾಲ ಬ್ರೇಜಿಂಗ್ (ಹಿತ್ತಾಳಿ ಕರಗಿಸಿ ಬೆಸಿಯೋ ಕೆಲಸ) ಮಾಡವ್ರನ್ನ ಹುಡಕಬೇಕಾಕ್ಕೈತಿ.

ಈಗ ಪೈಪಿನ ಹೊರಗಿನ ಅಳತಿ ತಗಿ, ಬಣ್ಣ ಹಾರಿದ ಜಾಗಾದಾಗ. 28.6 ಬಂದ್ರ ಅದು ಒಂದೂ ಒಂದೆಂಟಾಂಶ ಇಂಚಿನ ಪೈಪು. ಗ್ವಾಡಿ ದಪ್ಪ 0.7 ಇದ್ರ ಪಿಲ್ಲರ್ 27.2, 0.8 ಇದ್ರ 27.0, 0.9 ಇದ್ರ 26.8. ಪಿಲ್ಲರ್ ಸೈಜ್ 0.2 ಮಿಲಿಮೀಟರಿನಂಗ ಏರ್ತಾವ, ಅಷ್ಟ ಸಣ್ಣ ಫರಕ್ಕಿಗೇ ಸೀಟು ಜಾರತೈತಿ.

ಸೀಳಿನಾಗ ಅಗಲ ತುದಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಕ ಬಾಯಿ ಬಿಡಿಸು, ಸುತ್ತಗಿ ಮುಟ್ಟಬ್ಯಾಡ. ಒಳಗ ತುಕ್ಕಿದ್ರ ಕೋಲಿಗೆ ಪಾಲಿಶ್ ಪೇಪರ್ ಸುತ್ತಿ ಎಣ್ಣಿ ಹಾಕಿ ತಿಕ್ಕು. ಆಮ್ಯಾಲ ಬಾಯಿಂದ ಮೂರು ಬೆರಳು ಕೆಳಗ ಅಳತಿ ಬೇಕು, ವರ್ನಿಯರ್ ದವಡಿ ಅಲ್ಲಿಗೆ ಮುಟ್ಟೂದಿಲ್ಲ. ಬೆಳಗಾವಿಗೆ ಬಂದಾಗ ಉದ್ಯಮಬಾಗದಾಗ ಯಾವುದಾರ ಲೇತ್ ಅಂಗಡ್ಯಾಗ ಫ್ರೇಮ್ ತೋರಿಸು, ಹೈಡ್ರಾಲಿಕ್ ಸಿಲಿಂಡರ್ ಬೋರ್ ಅಳೆಯೋ ಗೇಜ್ ಅವರ ಕಡೆ ಇರ್ತೈತಿ, ಎರಡು ನಿಮಿಷದ ಕೆಲಸ.

ನಡುವ ಒಬ್ರು, ವಿಜಯಪುರ:
ಅಣ್ಣಾ, 25.4ಕ್ಕ ಸ್ಲೀವ್ (ಮ್ಯಾಲ ತೊಡಿಸೋ ತೆಳು ಕೊಳವಿ) ಹಾಕಿದ್ರ ಆಗೂದಿಲ್ಲೇನ್ರಿ?

ಮೇಸ್ತ್ರಿ:
ಆಕ್ಕೈತ್ರಿ, ಆದ್ರ ಲೇತಿನ ಮ್ಯಾಲ ಹೊಡಸಿದ್ದು ಬೇಕು. 25.4ರಿಂದ 27.2ಕ್ಕ 0.9 ದಪ್ಪದ ಸ್ಲೀವು, ಉದ್ದ ಎಂಟ್ಹತ್ತು ಸೆಂಟಿಮೀಟರ್, ಮ್ಯಾಲ ಸಣ್ಣ ಕಾಲರ್ ಇರ್ಲಿ, ಇಲ್ಲಾಂದ್ರ ಒಳಗ ಇಳದು ಹೋಗ್ತೈತಿ. ಸರಿ ಸೈಜಿನ ಪಿಲ್ಲರ್ ಸಿಗತಿದ್ರ ನಾ ಸ್ಲೀವ್ ಹಾಕಂತ ಯಾರಿಗೂ ಹೇಳೂದಿಲ್ಲ.

ಬಾಗಲಕೋಟೆ, ಹದಿನೈದು ದಿನದ ಮ್ಯಾಲ:
ಅಣ್ಣಾರ, ಹೊರಗ 28.6 ಬಂತ್ರಿ. ಬಾಯಿ ಬಿಡಿಸಿ, ಗೆಳ್ಯಾನ ಕಡಿಂದ ಎರಡು ಪಿಲ್ಲರ್ ತಂದು ನೋಡಿದೆ. 27.2 ಬೆರಳಷ್ಟು ಹೋಗಿ ಗಪ್ಪಂತ ನಿಂತ್ತು, 27.0 ಕೈಲೆ ತಿರಿವಿದ್ರ ಮೆತ್ತಗ ಇಳೀತು, ಅಲುಗಾಟ ಇಲ್ಲ. ಬಿಗಿ ಮಾಡಿದ್ ಮ್ಯಾಲ ಸೀಳಿನ ಎರಡೂ ಅಂಚು ಸಮ ಅದಾವ. ಕಾಕಾನ್ನ ಕುಂದ್ರಿಸಿ ಓಣ್ಯಾಗ ಒಂದು ಸುತ್ತು ಹೊಡಿಸಿದೆ, ಸೀಟು ಒಂದು ಕೂದಲೆಳಿನೂ ಇಳೀಲಿಲ್ಲ.

ಮೇಸ್ತ್ರಿ:
ಹಂಗಾರ 27.0 ನಿಂದು, 27.2 ಬಡದು ಇಳಸಾಕ ಹೋಗಬ್ಯಾಡ. ತೆಳ್ಳಗ ಗ್ರೀಸ್ ಹಚ್ಚಿ ಹಾಕು, ಒಣ ಹಾಕಿದ್ರ ಒಂದೆರಡು ಮಳಿಗಾಲ ಕಳದ ಮ್ಯಾಲ ಜಾಮ್ ಆಗ್ತೈತಿ. ಪಿಲ್ಲರ್ ಮ್ಯಾಲ ಇಷ್ಟರ ಒಳಗ ಇರಬೇಕಂತ ಹಾಕಿದ ಗೆರಿ ಹೊರಗ ಕಾಣಬಾರದು, ತುದಿ ಅಡ್ಡ ಪೈಪಿನ ಜಾಯಿಂಟಿಗಿಂತ ಕೆಳಗ ಇಳದಿರಬೇಕು. ಕಾಕಾ ಎತ್ತರ ಇದ್ರ ಉದ್ದನ ಪಿಲ್ಲರ್ ತಗೋ.